ಖಂಡೇ ಪೂಜೆಯ ಮಾಲೆ, ಎಕ್ಸಲೇಟರ್ ವಾಯರು

೧೯೬೩ನೇ ಇಸವಿ. ಆಗ ನಾನು ದಾಂಡೇಲಿಯಲ್ಲಿ ಒಬ್ಬ ಬಿದಿರು ಗುತ್ತಿಗೆದಾರರ ಗಾಡಿ ಶೆಡ್ಡಿನಲ್ಲಿ ಮಿಸ್ತ್ರಿಯಾಗಿದ್ದೆ. ಶೆಡ್ಡು ಅಂದರೆ ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದು ವೈಸ್, ಒಂದು ಹಳೇ ಲೇಥು, ಇಷ್ಟೇ. ಲಾರಿಗಳು ಸೂಪಾ, ಜೋಯಿಡಾ ಕಡೆಯ ಕಾಡಿನಿಂದ ಬಿದಿರು ಹೇರಿಕೊಂಡು ಕಾಗದದ ಕಾರ್ಖಾನೆಗೆ ಬರುತ್ತಿದ್ದವು. ಅವು ಕೆಟ್ಟರೆ ನಾನು ರಿಪೇರಿ ಮಾಡಬೇಕು. ಕಲಘಟಗಿ ಕಡೆಯವನು ನಾನು, ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಪಾನಾದಿಂದ, ಅಂದರೆ ನಟ್ಟು ಬಿಚ್ಚುವ ಸ್ಪ್ಯಾನರಿನಿಂದ, ಹೊಡೆಸಿಕೊಂಡು ಕೆಲಸ ಕಲಿತವನು. ಈಗ ಕೈ ನಡುಗುತ್ತವೆ, ಬಾಯಿ ಇನ್ನೂ ಗಟ್ಟಿ ಇದೆ. ಈ ಸಂಗತಿಯನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ, ಉಳಿದದ್ದೆಲ್ಲ ನಡೆದಂತೆಯೇ ಇದೆ.

ಲಾರಿಗಳ ಜೊತೆಗೆ ನಮ್ಮ ಸಾವಕಾರರ ಹತ್ತಿರ ಒಂದು ಮೋಟಾರ್ ಸೈಕಲ್ಲೂ ಇತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಮಾಲು, ಇಂಗ್ಲೆಂಡಿನದು. ಕಬ್ಬಿಣದ ಎಮ್ಮೆ ಅದು. ಕಾಡಿನ ಡಿಪೋಗಳಿಗೆ ಓಡಾಡಿ ಬಿದಿರು ಎಷ್ಟು ಕಡಿದರು, ಯಾವ ಲಾರಿ ಎಲ್ಲಿ ಸಿಕ್ಕಿಕೊಂಡಿತು ಎಂದು ನೋಡಿ ಬರುವವನು ಯಲ್ಲಪ್ಪ. ಆ ಗಾಡಿ ಅವನದೇ ಎನ್ನುವ ಹಾಗೆ ಮನೆಯಲ್ಲಿಯೇ ಇಟ್ಟುಕೊಳ್ಳುತ್ತಿದ್ದ. ಅವನೂ ನಮ್ಮ ಕಡೆಯವನೇ, ನಮ್ಮ ಹಳ್ಳಿಗಳ ನಡುವೆ ಒಂದು ಹಳ್ಳ ಅಡ್ಡ, ಅಷ್ಟೇ. ಪರಊರಿನಲ್ಲಿ ನಮ್ಮ ಮಾತು ಆಡುವವನು ಸಿಕ್ಕರೆ ಅವನೇ ಅಣ್ಣ, ಅವನೇ ತಮ್ಮ. ಅವನು ನನ್ನನ್ನು ದೋಸ್ತ ಅನ್ನುತ್ತಿದ್ದ, ಅವನ ಹೆಂಡತಿ ಗಂಗವ್ವ ಅಣ್ಣಾ ಅನ್ನುತ್ತಿದ್ದಳು. ನನಗೆ ಆಗ ಮದುವೆ ಆಗಿರಲಿಲ್ಲ. ವಾರದಲ್ಲಿ ನಾಲ್ಕು ಸಲ ನನ್ನ ರೊಟ್ಟಿ ಅವರ ಮನೆಯಲ್ಲೇ ಆಗುತ್ತಿತ್ತು.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಮಧ್ಯಾಹ್ನ ಯಲ್ಲಪ್ಪ ಗಾಡಿಯನ್ನು ದೂಡಿಕೊಂಡು ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

"ಎಕ್ಸಲೇಟರ್ ವಾಯರ್ ಕೈ ಕೊಟ್ತೋ ದೋಸ್ತಾ. ಹಿಡಿ ತಿರುವಿದ್ರ ಗಾಳಿ ತಿರುವಿದಾಂಗ ಆಗೇತಿ."

"ಎಣ್ಣಿ ಬರೂ ಹೊತ್ತಿಗೆ ಗಾಣ ಮುರೀತು ಅಂತಾರಲ್ಲ, ಹಂಗಾತು ನೋಡು. ನಾಳೆ ಹತಾರ ಪೂಜಿಗಿ ಇಡಬೇಕು. ನೀ ಇವತ್ತs ಬಂದಿ" ಎಂದೆ.

ಓದುವವರಿಗೆ ತಿಳಿಯಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೋಟಾರ್ ಸೈಕಲ್ಲಿನ ಬಲಗೈ ಹಿಡಿಯಿಂದ ಕಾರ್ಬ್ಯುರೇಟರ್ ತನಕ ಒಂದು ಕೇಬಲ್ ಇರುತ್ತದೆ. ಒಳಗೆ ಸಣ್ಣ ಎಳೆಗಳನ್ನು ಹೊಸೆದ ತಂತಿ, ಹೊರಗೆ ಗಟ್ಟಿ ಕವಚ. ತಂತಿಯ ತುದಿಗೆ ಹಿತ್ತಾಳೆಯ ಗುಂಡು, ಅದಕ್ಕೆ ನಿಪ್ಪಲ್ ಅನ್ನುತ್ತಾರೆ. ಹಿಡಿ ತಿರುಗಿಸಿದರೆ ತಂತಿ ಎಳೆಯುತ್ತದೆ, ಕಾರ್ಬ್ಯುರೇಟರಿನೊಳಗಿನ ಸ್ಲೈಡು ಮೇಲೇಳುತ್ತದೆ, ಗಾಳಿ ಪೆಟ್ರೋಲು ಹೆಚ್ಚಿಗೆ ಹೋಗುತ್ತದೆ, ಎಂಜಿನ್ ಓಡುತ್ತದೆ. ಬಿಟ್ಟರೆ ಸ್ಪ್ರಿಂಗು ಸ್ಲೈಡನ್ನು ಕೆಳಗೆ ತಳ್ಳುತ್ತದೆ. ಇನ್ನೊಂದು ಮಾತು, ಇದನ್ನು ನೆನಪಿಡಬೇಕು. ಒಳಗಿನ ತಂತಿಯನ್ನು ಎಳೆದರೂ ಒಂದೇ, ಹೊರಗಿನ ಕವಚ ಕೂತ ಜಾಗ ಬಿಟ್ಟು ಜಗ್ಗಿದರೂ ಒಂದೇ. ಎರಡರಲ್ಲಿಯೂ ಸ್ಲೈಡು ಮೇಲೇಳುತ್ತದೆ.

ಬಿಚ್ಚಿ ನೋಡಿದೆ. ಕೆಳಗಿನ ನಿಪ್ಪಲ್ ಕಿತ್ತು ಬಂದಿತ್ತು, ತಂತಿಯ ತುದಿಯ ಎಳೆಗಳು ಪುಂಡಿ ನಾರಿನಂತೆ ಬಿಚ್ಚಿಕೊಂಡಿದ್ದವು. ಕವಚದ ತುದಿಯೂ ಜಜ್ಜಿ ಹೋಗಿತ್ತು. ಹೊಸ ಕೇಬಲ್ ತರಿಸಿ ಎಂದು ಸಾವಕಾರರಿಗೆ ಹೇಳಿದೆ. ಅವರು, ಅದು ಬೆಳಗಾವಿಯಿಂದ ಬರಬೇಕು, ಹಬ್ಬದಲ್ಲಿ ಅಂಗಡಿ ಮುಚ್ಚಿರುತ್ತವೆ, ಬನ್ನಿಯ ಮರುದಿನ ಯಲ್ಲಪ್ಪ ಜೋಯಿಡಾಕ್ಕೆ ಹೋಗಲೇಬೇಕು, ಇದ್ದದ್ದನ್ನೇ ನೆಟ್ಟಗೆ ಮಾಡು ಎಂದರು. ಇದ್ದದ್ದನ್ನು ನೆಟ್ಟಗೆ ಮಾಡುವುದೇ ಆ ಕಾಲದಲ್ಲಿ ಮಿಸ್ತ್ರಿಕಿ. ಈಗಿನವರ ಹಾಗೆ ತೆಗೆದು ಒಗೆದು ಹೊಸದು ಹಾಕುವುದಕ್ಕೆ ಮಿಸ್ತ್ರಿ ಯಾಕೆ ಬೇಕು?

ಹಾಳಾದ ತುದಿಯನ್ನು ಕತ್ತರಿಸಿದೆ. ಒಳಗಿನ ತಂತಿ ಗಿಡ್ಡವಾಯಿತೆಂದರೆ ಕವಚವನ್ನೂ ಅದೇ ಅಳತೆಗೆ ಕತ್ತರಿಸಬೇಕು, ಜಜ್ಜಿದ ಭಾಗ ಅಲ್ಲಿಗೇ ಹೋಯಿತು. ಹಿತ್ತಾಳೆ ಸರಳು ಲೇಥಿಗೆ ಹಾಕಿ ಹೊಸ ನಿಪ್ಪಲ್ ಮಾಡಿದೆ, ಮಧ್ಯೆ ತೂತು, ತೂತಿನ ಬಾಯಿ ಅಗಲ. ತಂತಿ ತೂರಿಸಿ ತುದಿಯ ಎಳೆಗಳನ್ನು ಹೂವಿನಂತೆ ಅರಳಿಸಿ, ಆ ಅಗಲ ಬಾಯಿಯಲ್ಲಿ ಕೂಡಿಸಿ ಬೆಸುಗೆ ಹಾಕಿದೆ. ಬೆಸುಗೆಗೆ ಆ್ಯಸಿಡ್ ಹಚ್ಚಲಿಲ್ಲ. ಹಚ್ಚಿದರೆ ಬೇಗ ಹಿಡಿಯುತ್ತದೆ, ಆದರೆ ಒಳಗೊಳಗೇ ತಂತಿಯನ್ನು ತಿನ್ನುತ್ತದೆ. ರಾಳ ಹಚ್ಚಿದೆ. ಮಗ್ಗುಲಿನ ಚಹಾದಂಗಡಿಯಿಂದ ಒಂದು ಮುಷ್ಟಿ ನಾದಿದ ಹಿಟ್ಟು ತಂದು, ಕವಚದ ಮೇಲಿನ ಬಾಯಿಗೆ ಬಟ್ಟಲಿನಂತೆ ಮೆತ್ತಿ, ಎಣ್ಣೆ ಹನಿಸಿ ಒಳಗೆ ಇಳಿಸಿದೆ.

"ವಾಯರಿಗೂ ಹಬ್ಬದ ಹೋಳಿಗಿ ಮಾಡಾಕತ್ತಿಯೇನೋ?" ಎಂದು ಯಲ್ಲಪ್ಪ ನಕ್ಕ.

"ಇದಕ್ಕ ಎಣ್ಣಿ ತಿನಸಿದ್ರ ನಿನ್ನ ಜೀವಾ ಉಳೀತೈತಿ. ಬಾಯಿ ಮುಚ್ಚಿ ಕುಂಡರು" ಎಂದೆ.

ಜೋಡಿಸಿದ ಮೇಲೆ ನಿಪ್ಪಲ್ಲಿಗೆ ನನ್ನ ಭಾರವನ್ನೇ ಬಿಟ್ಟು ಜಗ್ಗಿ ನೋಡಿದೆ. ಅಲುಗಲಿಲ್ಲ. ಎಂಜಿನ್ ಚಾಲೂ ಮಾಡಿ ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ಹೊರಳಿಸಿದೆ. ಕೇಬಲ್ ಬಿಗಿಯಿದ್ದರೆ ಹೊರಳಿಸಿದಾಗ ಎಂಜಿನ್ನಿನ ಸದ್ದು ತಾನಾಗಿ ಏರುತ್ತದೆ. ಏರಲಿಲ್ಲ. ಯಲ್ಲಪ್ಪನನ್ನೂ ಕರೆದು ಕೇಳಿಸಿದೆ.

"ಕೇಳಿಲ್ಲಿ. ಸದ್ದು ಒಂದs ಸವನ ಐತಿ. ಆದ್ರ ಕೇಬಲ್ ಮೊದಲಿಗಿಂತ ಗಿಡ್ಡ ಆಗೇತಿ. ಹೊಸದು ಬರೂ ತನಕ ಇದನ್ನ ಹಿಂಗ ಸಡ್ಲ ಬಿಡಬೇಕು. ಯಾವುದಕ್ಕೂ ಸಿಗಸಬ್ಯಾಡ, ಏನೂ ಕಟ್ಟಬ್ಯಾಡ. ತಿಳೀತಿಲ್ಲೋ?"

"ತಿಳೀತೋ ಮಾರಾಯಾ. ನಾ ಏನ ಸಣ್ಣ ಹುಡುಗ ಅದೇನೇನು?" ಎಂದು ಗಾಡಿ ಹತ್ತಿ ಮನೆಗೆ ಹೋದ.

ನಮ್ಮ ಕಡೆ ಖಂಡೇ ಪೂಜೆ ಅಂದರೆ ದುಡಿಯುವವನ ಹಬ್ಬ. ಪಾನಾ, ಸುತ್ತಿಗೆ, ಕಾನಸು ಎನ್ನುವ ಅರ ಎಲ್ಲ ತೊಳೆದು ಕುಂಕುಮ ಹಚ್ಚಿ ಇಟ್ಟುಬಿಡುತ್ತೇವೆ. ಆಮೇಲೆ ಪೂಜೆ ಇಳಿಯುವ ತನಕ ಅವನ್ನು ಮುಟ್ಟುವಂತಿಲ್ಲ, ರಾಜ ಬಂದು ಕೇಳಿದರೂ ಇಲ್ಲ. ಗಾಡಿಗಳಿಗೆ ಚೆಂಡು ಹೂವಿನ ಮಾಲೆ, ಕಬ್ಬು, ನಿಂಬೆಹಣ್ಣು. ಕಟ್ಟಿದ ಮಾಲೆಯನ್ನು ಯಾರೂ ಕೀಳುವುದಿಲ್ಲ, ಅದು ತಾನೇ ಒಣಗಿ ಉದುರಬೇಕು. ಬನ್ನಿಯ ದಿನ ಸಂಜೆ ಯಲ್ಲಪ್ಪ, ಗಂಗವ್ವ ನಡೆದುಕೊಂಡೇ ನನ್ನ ಖೋಲಿಗೆ ಬಂದರು. ಗಂಗವ್ವ ಆರು ತಿಂಗಳ ಬಸುರಿ. ನನ್ನ ಅಂಗೈಯಲ್ಲಿ ಬನ್ನಿ ಇಟ್ಟು, "ಬನ್ನಿ ತಗೊಂಡು ಬಂಗಾರದಾಂಗ ಇರೂಣು ಅಣ್ಣಾ" ಎಂದಳು. ಬ್ಯಾಡ ಬ್ಯಾಡ ಎಂದರೂ ಬಗ್ಗಿ ಕಾಲು ಮುಟ್ಟಿದಳು.

ಮರುದಿನ ಮಧ್ಯಾಹ್ನ ನಮ್ಮದೇ ಒಂದು ಲಾರಿ ಯಲ್ಲಪ್ಪನನ್ನು ಬಿದಿರಿನ ಮೇಲೆ ಮಲಗಿಸಿಕೊಂಡು ಬಂತು. ಸೂಪಾ ದಾರಿಯಲ್ಲಿ, ಇಳಿಜಾರಿನಲ್ಲಿ ಎಡಕ್ಕೆ ಹೊರಳುವ ಸುತ್ತಿನಲ್ಲಿ ಗಾಡಿ ರಸ್ತೆ ಬಿಟ್ಟಿತ್ತು. ಒಂದು ಸಾಗವಾನಿ ಬೊಡ್ಡೆಗೂ ಎಂಜಿನ್ನಿಗೂ ನಡುವೆ ಅವನ ಬಲಗಾಲು. ಮೊಣಕಾಲಿನ ಕೆಳಗೆ ನೋಡುವ ಹಾಗಿರಲಿಲ್ಲ. ಅವನ ಕಿಸೆಯಲ್ಲಿ ಡಿಪೋದವರಿಗೆ ಕೊಡಲು ಒಯ್ಯುತ್ತಿದ್ದ ಬನ್ನಿ ಎಲೆ ಇದ್ದವು. ಧಾರವಾಡದ ಆಸ್ಪತ್ರೆಗೆ ಒಯ್ದರು, ಅಲ್ಲಿ ಕಾಲು ತೆಗೆದರು.

ಊರಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಗಾಡಿ ತಾನಾಗಿ ಜೋರಾಯಿತು ಎಂದು ಯಲ್ಲಪ್ಪ ಲಾರಿಯವರ ಮುಂದೆ ನರಳುತ್ತಾ ಹೇಳಿದ್ದ. ಎಕ್ಸಲೇಟರ್ ವಾಯರು ರಿಪೇರಿ ಆಗಿದ್ದದ್ದು ಎಲ್ಲರಿಗೂ ಗೊತ್ತು. ರಿಪೇರಿ ಮಾಡಿದವನು ರಾಚಪ್ಪ ಮಿಸ್ತ್ರಿ, ಅಂದರೆ ನಾನು. ಮುಗಿಯಿತಲ್ಲ! ಸಂಜೆಯೊಳಗೆ ನಾನು ಗೆಳೆಯನ ಕಾಲು ಕಡಿದವನಾಗಿದ್ದೆ. ಚಹಾದಂಗಡಿಯವನು, ಹಿಟ್ಟು ಕೊಟ್ಟವನು, ಅವನೂ ಮುಖ ತಿರುವಿದ.

ಗಾಡಿಯನ್ನು ಶೆಡ್ಡಿಗೆ ತಂದು ಹಾಕಿದರು. ನನಗೂ ಒಳಗೆ ಅಳುಕಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಬೆಸುಗೆ ಬಿಟ್ಟಿತೇನೋ ಎಂದು ಕಾರ್ಬ್ಯುರೇಟರಿನ ಮುಚ್ಚಳ ತೆಗೆದೆ. ನಿಪ್ಪಲ್ ಇದ್ದಲ್ಲೇ ಇತ್ತು. ಬೆಸುಗೆ ಹೊಳೆಯುತ್ತಿತ್ತು, ಒಂದು ಎಳೆ ಹರಿದಿರಲಿಲ್ಲ. ಆಮೇಲೆ ಮೇಲೆ ನೋಡಿದೆ. ಹ್ಯಾಂಡಲ್ಲಿಗೆ ಜಜ್ಜಿದ ಚೆಂಡು ಹೂವಿನ ಮಾಲೆ. ಕಾಡಿನ ರಸ್ತೆಯ ಕುಲುಕಾಟಕ್ಕೆ ಬೀಳಬಾರದೆಂದು ಅದನ್ನು ಸುತಳಿಯಿಂದ ಸುತ್ತಿ ಸುತ್ತಿ, ಹೆಡ್‌ಲೈಟಿನ ಬ್ರಾಕೆಟ್ಟಿಗೆ ಬಿಗಿದಿದ್ದರು. ಆ ಸುತ್ತಿನೊಳಗೆ ಕೇಬಲ್ಲೂ ಸಿಕ್ಕಿತ್ತು.

ಹ್ಯಾಂಡಲ್ಲನ್ನು ಎಡಕ್ಕೆ ಹೊರಳಿಸಿದೆ. ಕಟ್ಟಿದ ಜಾಗದಿಂದ ಕವಚ ಜಗ್ಗಿತು, ಕೆಳಗೆ ಕೂತ ಜಾಗದಿಂದ ಹೊರಗೆ ಬಂತು. ಕಾರ್ಬ್ಯುರೇಟರಿನ ಬಾಯಲ್ಲಿ ನೋಡಿದರೆ ಸ್ಲೈಡು ಒಂದು ಬೆರಳು ಮೇಲೆದ್ದಿದೆ. ಹಿಡಿಗೆ ನನ್ನ ಕೈಯೇ ತಾಗಿರಲಿಲ್ಲ. ಯಲ್ಲಪ್ಪ ಸುತ್ತಿನಲ್ಲಿ ಎಡಕ್ಕೆ ಹೊರಳಿದ್ದೇ ಗಾಡಿ ಮುಂದಕ್ಕೆ ಹಾರಿದೆ.

ಸಾವಕಾರರನ್ನು ಕರೆದೆ. ಅವರ ಕಣ್ಣ ಮುಂದೆಯೇ ಹೊರಳಿಸಿದೆ, ಸ್ಲೈಡು ಎದ್ದಿತು. ಸುತಳಿ ಕತ್ತರಿಸಿ, ಕವಚವನ್ನು ಅದರ ಜಾಗದಲ್ಲಿ ಕೂಡಿಸಿ ಮತ್ತೆ ಹೊರಳಿಸಿದೆ. ಸ್ಲೈಡು ಕದಲಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ?

ಅವರು ಎಲೆ ಅಡಿಕೆ ಉಗುಳಿ ಬಂದರು. "ಕುಣೀಲಿಕ್ಕ ಬರಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ಖಂಡೇ ಪೂಜಿ ಮಾಲಿ ಕಾಲ ಮುರೀತು ಅಂತ ಊರ ಮುಂದ ಹೇಳ್ತೀಯೇನು? ನಾಳಿಂದ ನನ್ನ ಲಾರಿಗೆ ಯಾವ ಡ್ರೈವರ್ ಹತ್ತತಾನು?"

"ದೇವರ ಮಾತಲ್ಲರೀ, ಸುತಳಿ ಮಾತ ಹೇಳಾಕತ್ತೇನಿ. ನೀವs ನೋಡಿದ್ರೆಲ್ಲಾ!"

"ನಾ ನೋಡಿದ್ದು ಬ್ಯಾರೆ. ಯಲ್ಲಪ್ಪ ಏನಂತಾನ ಕೇಳೂಣು. ರಿಪೇರಿ ತಪ್ಪಂದ್ರ ತಪ್ಪು ನಮ್ಮ ಶೆಡ್ಡಿಂದು, ಅವಂಗ ಡಿಪೋದಾಗ ಕುಂತು ಮಾಡೂ ಕೆಲಸಾ ಕೊಡೂದು ನನ್ನ ಧರ್ಮ. ತಾನs ಕಟಗೊಂಡು ತಾನs ಬಿದ್ದಿದ್ರ ನಾ ಏನ ಮಾಡ್ಲಿ? ಅವನ ಹಣೇಬರಾ."

ಧರ್ಮ ಅಂತೆ ಧರ್ಮ! ಮಾಲೆ ಕಟ್ಟಿದವನಿಗೆ ಅನ್ನವಿಲ್ಲದ ಧರ್ಮ. ಆದರೆ ಆಗ ನನಗೆ ಸಿಟ್ಟಿಗಿಂತ ಧೈರ್ಯವೇ ಹೆಚ್ಚಾಗಿತ್ತು. ಯಲ್ಲಪ್ಪನಿಗೆ ನಾನು ಸದ್ದು ಕೇಳಿಸಿದ್ದೆ, ಬಾಯಿ ಬಿಟ್ಟು ಹೇಳಿದ್ದೆ. ಅವನು ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ ಎಂದುಕೊಂಡೆ. ಸುತಳಿಯ ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಧಾರವಾಡದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಅವನೊಬ್ಬನೇ ಇದ್ದ. ಗಂಗವ್ವ ಹೊರಗೆ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಹೊದಿಕೆಯ ಕೆಳಗೆ ಒಂದು ಕಡೆ ಬರಿದಾದ ಜಾಗ. ಅದನ್ನು ನೋಡಿ ಅತ್ತುಬಿಟ್ಟೆ. ಆಮೇಲೆ ಸುತಳಿ ತೆಗೆದು ತೋರಿಸಿದೆ. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

"ನನಗ ಗೊತ್ತೈತಿ" ಎಂದ. "ಆಕಿ ಕಟ್ಟುವಾಗ ನಾ ಅಲ್ಲೇ ಕಟ್ಟಿ ಮ್ಯಾಲ ಕುಂತಿದ್ದೆ. ಬ್ಯಾಡ ಅನ್ನೂ ಮಾತು ಬಾಯಿ ತನಕಾ ಬಂತು. ಹಬ್ಬದ ದಿನಾ, ಅಷ್ಟು ಹೌಸಿಂದ ಕಟ್ಟಾಕತ್ತಾಳ, ಒಂದ ಮಾಲಿ ಏನ ಮಾಡತೈತಿ ಅಂತ ಸುಮ್ಮನಾದೆ."

"ಹಂಗಾರ ಸಾವಕಾರ್ರ ಮುಂದ ಇದನ್ನs ಹೇಳು."

ಅವನು ತಲೆ ಅಲ್ಲಾಡಿಸಿದ. "ನಾ ಹೇಳಾಂಗಿಲ್ಲ ದೋಸ್ತಾ. ಹೇಳಿದ್ರ ಕೆಲಸಾ ಹೋತು. ಅದೂ ಹೋಗ್ಲಿ. ಗಂಡನ ಕಾಲು ತನ್ನ ಕೈಯಿಂದ ಹೋತು ಅಂತ ಆಕಿಗೆ ತಿಳದ್ರ ಆಕಿ ಉಳಿಯಾಂಗಿಲ್ಲ. ಹೊಟ್ಟ್ಯಾಗ ಕೂಸು ಐತಿ."

"ಮತ್ತ ನನ್ನ ಹೆಸರು? ನನ್ನ ಕೈಗೆ ಯಾರ ಗಾಡಿ ಕೊಡ್ತಾರೋ?"

"ನಿನಗ ಎರಡು ಕೈ ಅದಾವ, ಎರಡು ಕಾಲ ಅದಾವ. ಎಲ್ಲಿ ಹೋದ್ರೂ ದುಡೀತಿ. ನನಗ ಏನೈತಿ ಹೇಳು?"

ಅವನ ಮಾತು ಸುಳ್ಳಲ್ಲ, ಅದೇ ನನ್ನ ಸಂಕಟ. ಸುಳ್ಳಾಗಿದ್ದರೆ ಹಾಸಿಗೆಯಲ್ಲಿ ಬಿದ್ದವನನ್ನೂ ಬೈದು ಬರುತ್ತಿದ್ದೆ. ಆದರೆ ನನ್ನನ್ನು ಕೇಳಿ, "ಇದೊಂದು ಹೊತ್ತಗೋ ದೋಸ್ತಾ" ಎಂದು ಬೇಡಿದ್ದರೆ ನಾನೇ ಹೊರುತ್ತಿದ್ದೆನೋ ಏನೋ. ಅವನು ಬೇಡಲಿಲ್ಲ. ತೀರ್ಮಾನ ಮಾಡಿ ಮುಗಿಸಿದ್ದ. ಸುತಳಿಯನ್ನು ಮತ್ತೆ ಕಿಸೆಗೆ ಹಾಕಿಕೊಂಡು ಹೊರಟು ಬಂದೆ.

ರಿಪೇರಿ ತಡೆಯಲಿಲ್ಲ ಎಂದು ಯಲ್ಲಪ್ಪ ಸಾವಕಾರರಿಗೆ ಹೇಳಿದ. ಅವನಿಗೆ ದಾಂಡೇಲಿಯ ಡಿಪೋದಲ್ಲಿ ಕುಂತು ಮಾಡುವ ಕೆಲಸ ಸಿಕ್ಕಿತು. ನನ್ನನ್ನು ಶೆಡ್ಡಿನಿಂದ ತೆಗೆದರು. ತೆಗೆಯುವಾಗ ಸಾವಕಾರರು ನನ್ನ ಮುಖ ನೋಡಲಿಲ್ಲ, ಅಷ್ಟು ನಾಚಿಕೆ ಅವರಿಗೆ ಇತ್ತು. ಸ್ಲೈಡು ಎದ್ದದ್ದನ್ನು ಕಣ್ಣಾರೆ ಕಂಡವರಲ್ಲವೇ?

ಪೆಟ್ಟಿಗೆ ಕಟ್ಟಿ ಹೊರಟ ದಿನ ಗಂಗವ್ವ ನನ್ನ ಖೋಲಿಯ ಮುಂದೆ ಬಂದು ನಿಂತಳು. ತುಂಬಿದ ಹೊಟ್ಟೆ. ಓಣಿಯವರೆಲ್ಲ ಹೊರಗೆ ಬಂದರು. "ಅಣ್ಣಾ ಅಂತ ರೊಟ್ಟಿ ಬಡದ ಹಾಕಿದ್ನೆಲ್ಲೋ! ನನ್ನ ಗಂಡನ ಕಾಲ ತಿಂದಿ. ನಿನ್ನ ಕೈ ಸೇದಿ ಹೋಗ್ಲಿ!" ಎಂದು ಮಣ್ಣು ತೂರಿದಳು. ಸುತಳಿಯ ತುಂಡು ಆಗಲೂ ನನ್ನ ಕಿಸೆಯಲ್ಲೇ ಇತ್ತು. ಬೆರಳಿಗೆ ಸಿಕ್ಕಿತು ಕೂಡ. ಬಸುರಿ ಹೆಣ್ಣುಮಗಳ ಮುಂದೆ ಅದನ್ನು ಹೇಗೆ ತೆಗೆಯಲಿ? ಪೆಟ್ಟಿಗೆ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ದೊಡ್ಡತನ ಅದಲ್ಲ. ಒಳಗೆ ಕುದಿಯುತ್ತಿದ್ದೆ, ಅವಳಿಗೂ ಅವನಿಗೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಹಳಿಯಾಳದಲ್ಲಿ ಕೆಲಸ ಕೇಳಿದೆ. ಅಲ್ಲಿಗೂ ಸುದ್ದಿ ಮೊದಲೇ ಬಂದು ಕೂತಿತ್ತು. ಎರಡು ವರ್ಷ ಅಲ್ಲಿ ಇಲ್ಲಿ ಪಂಪು, ಹಿಟ್ಟಿನ ಗಿರಣಿ ರಿಪೇರಿ ಮಾಡಿ ಹೊಟ್ಟೆ ಹೊರೆದೆ. ಆಮೇಲೆ ಮುಂಡಗೋಡಕ್ಕೆ ಹೋದೆ. ಅಲ್ಲಿ ಟಿಬೆಟನ್ ಕಾಲೊನಿ ಆಗ ತಾನೇ ಎದ್ದು ನಿಲ್ಲುತ್ತಿತ್ತು, ಗೋವಿನಜೋಳದ ಹೊಲಕ್ಕೆ ಟ್ರ್ಯಾಕ್ಟರು ಬಂದಿದ್ದವು. ದೇಶ ಬಿಟ್ಟು ಬಂದ ಆ ಜನಕ್ಕೆ ದಾಂಡೇಲಿಯ ರಾಚಪ್ಪನ ಹೆಸರು ಕೆಟ್ಟದ್ದು ಗೊತ್ತಿರಲಿಲ್ಲ. ಅವರೇ ನನ್ನ ಕೈಗೆ ಮೊದಲು ಪಾನಾ ಕೊಟ್ಟವರು. ಅಲ್ಲಿಯೇ ಗ್ಯಾರೇಜು ಹಾಕಿದೆ, ಮದುವೆಯಾದೆ. ಹತ್ತಿರದ ಇಂದೂರ ಎಂಬ ಹಳ್ಳಿಯ ರೈತರ ಪಂಪಿನ ಎಂಜಿನ್ನುಗಳೂ ನನ್ನಲ್ಲಿಗೇ ಬರತೊಡಗಿದವು. ಎರಡು ಕೈ ಇದ್ದವು, ಯಲ್ಲಪ್ಪ ಹೇಳಿದ ಹಾಗೆ ದುಡಿದೆ.

ಬಹಳ ವರ್ಷಗಳ ಮೇಲೆ ಒಂದು ಬನ್ನಿಯ ಸಂಜೆ ಹಳಿಯಾಳದಲ್ಲಿ ಹೆಂಡತಿಯ ಸಂಬಂಧಿಕರ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಯಲ್ಲಪ್ಪ, ಕಂಕುಳಲ್ಲಿ ಊರುಗೋಲು. ಮಗ್ಗುಲಲ್ಲಿ ಗಂಗವ್ವ, ಎದೆಯೆತ್ತರ ಬೆಳೆದ ಮಗಳು. ಆ ಮನೆಯವರು ಅವರಿಗೂ ಬೇಕಾದವರಂತೆ. ಎದ್ದು ಬರಲು ಆಗಲಿಲ್ಲ, ಕೂತೆ. ಗಂಗವ್ವ ಒಬ್ಬೊಬ್ಬರ ಕೈಯಲ್ಲಿ ಬನ್ನಿ ಇಡುತ್ತಾ, ಬಂಗಾರದಾಂಗ ಇರೂಣು ಅನ್ನುತ್ತಾ ಸಾಲಾಗಿ ಬಂದಳು. ನಮ್ಮಲ್ಲಿ ಬನ್ನಿಯ ದಿನ ವೈರಿಗೂ ಬನ್ನಿ ಕೊಡುತ್ತಾರೆ. ನಾನೂ ಕೈ ಚಾಚಿದೆ. ಹಾಳಾದ ಕೈ, ತಾನಾಗಿಯೇ ಚಾಚಿತು.

ಅವಳು ನೋಡಿ ನಿಂತಳು. "ಎಲ್ಲಾರಿಗೂ ಕೊಡ್ತೇನಿ. ಈ ಕೈಗೆ ಮಾತ್ರ ಕೊಡಾಂಗಿಲ್ಲ" ಎಂದಳು.

ನಾನು ಯಲ್ಲಪ್ಪನನ್ನು ನೋಡಿದೆ. ಒಂದೇ ಒಂದು ಮಾತು. ಅವನ ಕೂಸು ಹುಟ್ಟಿ ಬೆಳೆದಿತ್ತು, ಕೆಲಸವೂ ಕಾಯಂ ಆಗಿತ್ತು. ಇನ್ನು ಯಾವ ಅಂಜಿಕೆ? "ಕೊಡು, ಅವಂದೇನೂ ತಪ್ಪಿಲ್ಲ" ಎಂದರೆ ಸಾಕಿತ್ತು, ಸುತಳಿಯ ಸುದ್ದಿಯೂ ಬೇಕಿರಲಿಲ್ಲ. ಅವನು ಊರುಗೋಲು ಎಳೆದುಕೊಂಡು ಎದ್ದ.

"ಹೋಗೂಣು ನಡಿ. ದಾಂಡೇಲಿ ಬಸ್ಸು ಬರೂ ಹೊತ್ತಾತು" ಎಂದ.

ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಈಗ ಇಬ್ಬರೂ ಇಲ್ಲ. ಮೊದಲು ಅವನು ಹೋದ, ಆಮೇಲೆ ಅವಳು. ಅವಳು ಇರುವ ತನಕ ನಾನು ಬಾಯಿ ಬಿಡಲಿಲ್ಲ. ಅವಳು ನನ್ನನ್ನು ಬೈಯುತ್ತಲೇ ಹೋದಳು.

ಕೇಬಲ್ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಿಸ್ತ್ರಿಯ ಜವಾಬ್ದಾರಿ ಶೆಡ್ಡಿನ ಬಾಗಿಲಿಗೆ ಮುಗಿಯುತ್ತದೆ ಎಂದು ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟಿದ್ದರು, ಅದು ಸುಳ್ಳು. ಗಂಡಸಿಗೆ ಹೇಳಿದ ಮಾತು ಮನೆಯ ಹೊಸ್ತಿಲು ದಾಟಿ ಒಳಗಿನವರಿಗೆ ಮುಟ್ಟುವುದಿಲ್ಲ. ಅದಕ್ಕೇ ಮುಂಡಗೋಡದಲ್ಲಿ ಖಂಡೇ ಪೂಜೆ ಹತ್ತಿರ ಬಂತೆಂದರೆ, ರಿಪೇರಿಗೆ ಬಂದವನಿಗೆ ಗಾಡಿ ಬೇಕಿದ್ದರೆ ಮಾಲೆ ಕಟ್ಟುವವರನ್ನು ಕರೆದುಕೊಂಡು ಬಾ ಅನ್ನುತ್ತಿದ್ದೆ. ತಲೆ ಕೆಟ್ಟ ಮಿಸ್ತ್ರಿ ಎಂದು ನಗುತ್ತಿದ್ದರು, ಆದರೂ ಕರೆತರುತ್ತಿದ್ದರು. ಅವ್ವನೋ, ಹೆಂಡತಿಯೋ, ತಂಗಿಯೋ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಎಂಜಿನ್ ಚಾಲೂ ಮಾಡಿ, ಕೇಬಲ್ಲನ್ನು ಬೆರಳಿಂದ ಒತ್ತಿಹಿಡಿದು, ಹ್ಯಾಂಡಲ್ ಎಡಕ್ಕೆ ಹೊರಳಿಸಿ ಸದ್ದು ಏರುವುದನ್ನು ಅವರಿಗೇ ಕೇಳಿಸುತ್ತಿದ್ದೆ. ಆಮೇಲೆ ದೀಪದ ಮುಂದಿನ ಬರಿದು ಜಾಗ ತೋರಿಸಿ ಹೇಳುತ್ತಿದ್ದೆ:

"ಮಾಲಿ ಇಲ್ಲಿ ಇಳಿಬಿಡು ತಂಗಿ. ಅಲ್ಲಿ ಕಟ್ಟಬ್ಯಾಡ."